ಸುಮಾರು ನಡುವೆ

ನಾನು ಒಂದು ಬೀಟೆಮರದ ಹಲಗೆ. ರೊಟ್ಟಿಯ ಹಾಗೆ ದುಂಡಗಿದ್ದೇನೆ. ಅಡ್ಡಲಾಗಿ ಅಳೆದರೆ ಒಂದೂವರೆ ಮೊಳ. ಮೈತುಂಬ ದಂತದ ಚುಕ್ಕಿಗಳಿವೆ. ದೂರದಿಂದ ನೋಡಿದವರಿಗೆ ಯಾರೋ ಅಕ್ಕಿಹಿಟ್ಟು ಚೆಲ್ಲಿ ಒರೆಸುವುದನ್ನು ಮರೆತ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ಅವು ನಕ್ಷತ್ರಗಳೆಂದು ತಿಳಿಯುತ್ತದೆ. ನಾನು ಆಕಾಶಗಂಗೆಯ ಮಾದರಿ. ನನ್ನ ನಡುವೆ ಒಂದು ಹಿತ್ತಾಳೆಯ ಬೊಟ್ಟಿದೆ. ಅದು ಸೂರ್ಯ. ನನ್ನ ನಾಚಿಕೆಯೆಲ್ಲ ಆ ಬೊಟ್ಟಿನ ಸುತ್ತಲೇ ಇದೆ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಗಫಾರ್ ಸಾಹೇಬರ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಬೀದಿಗೆ ಬಾಗಿಲು ತೆರೆದ ಒಂದು ಉದ್ದನೆಯ ಕೋಣೆ. ಬೀಟೆಮರದಲ್ಲಿ ಸಣ್ಣ ಸಣ್ಣ ಹಳ್ಳ ಕೊರೆದು, ಅದರೊಳಗೆ ದಂತದ ಚೂರುಗಳನ್ನು ಕೂರಿಸಿ ಅಂಟು ಹಾಕುವುದು ಅಲ್ಲಿನ ಕಸುಬು. ಆನೆ, ಅಂಬಾರಿ, ನವಿಲು, ಬಳ್ಳಿ ಕೇಳಿಕೊಂಡು ಬರುವವರೇ ಹೆಚ್ಚು. ನಕ್ಷತ್ರ ಕೇಳಿಕೊಂಡು ಬಂದವರು ಚನ್ನಕೇಶವಯ್ಯ ಮೇಷ್ಟ್ರೊಬ್ಬರೇ.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಆಗ ಮೊದಲನೆಯ ಮಹಾಯುದ್ಧದ ಕಾಲ. ಹಳೆಯದೊಂದು ಇಂಗ್ಲಿಷ್ ಪುಸ್ತಕ ಓದಿ, ಕಾಗದದ ಮೇಲೆ ನನ್ನ ಚಿತ್ರ ಬರೆದು ತಂದಿದ್ದರು. ದೂರದರ್ಶಕದಲ್ಲಿ ಆಕಾಶವನ್ನು ತುಂಡು ತುಂಡಾಗಿ ನೋಡಿ, ಒಂದೊಂದು ತುಂಡಿನಲ್ಲಿ ಎಷ್ಟು ನಕ್ಷತ್ರಗಳಿವೆ ಎಂದು ವರ್ಷಗಟ್ಟಲೆ ಎಣಿಸಿದವರಿದ್ದರಂತೆ. ಆಕಾಶಗಂಗೆಯ ಪಟ್ಟೆಯ ಉದ್ದಕ್ಕೂ ಯಾವ ಕಡೆ ತಿರುಗಿದರೂ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂದಿತ್ತು. ಎಲ್ಲ ಕಡೆಗೂ ಸಮನಾಗಿ ಕಾಣುತ್ತದೆ ಎಂದಮೇಲೆ ನೋಡುವವರು ನಡುವೆ ಇರಲೇಬೇಕು ಎಂದು ಅವರು ತಿಳಿದರು. ನನ್ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೆ ಏಳೆಂಟು ಸಾವಿರ ವರ್ಷ ಬೇಕೆಂದು ಮೇಷ್ಟ್ರು ಹೇಳಿದಾಗ ಗಫಾರ್ ಸಾಹೇಬರು ಉಳಿಯನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ಅಡ್ಡಡ್ಡಲಾಗಿ ನೋಡಿದರು.

ಸೂರ್ಯನ ಜಾಗವನ್ನು ಮೇಷ್ಟ್ರು ಬೆರಳಿಟ್ಟು ತೋರಿಸಿದ್ದರು. ಪುಸ್ತಕದಲ್ಲಿ 'ಸುಮಾರು ನಡುವೆ' ಎಂದಿತ್ತು, ಅದಕ್ಕೆ ಒಂದು ಬೆರಳಿನಷ್ಟು ಈಚೆಗೆ ಇರಲಿ ಎಂದಿದ್ದರು. ಸಾಹೇಬರು ತಲೆದೂಗಿದ್ದರು. ಆದರೆ ಕೈಗೆ ಅದರದೇ ಒಂದು ರೂಢಿ ಇರುತ್ತದೆ. ನನ್ನನ್ನು ದುಂಡಗೆ ಕತ್ತರಿಸಲು ಅವರು ಕೈವಾರ ಊರಿದಾಗ ಅದರ ಮುಳ್ಳು ನನ್ನ ಎದೆಯಲ್ಲಿ ಒಂದು ತೂತು ಮಾಡಿತು. ದುಂಡನೆಯ ಹಲಗೆಗಳಿಗೆಲ್ಲ ಅದು ಇದ್ದದ್ದೇ. ಅದರ ಮೇಲೆ ಒಂದು ತಾವರೆ ಕೂರಿಸಿದರೆ ತೂತು ಮುಚ್ಚಿಹೋಗುತ್ತದೆ. ನನ್ನ ಮೈಮೇಲೆ ತಾವರೆ ಇರಲಿಲ್ಲ. ಸಾಹೇಬರು ಸೂರ್ಯನನ್ನೇ ಆ ತೂತಿಗೆ ಕೂರಿಸಿಬಿಟ್ಟರು.

ಕೊಂಡೊಯ್ಯಲು ಬಂದ ಮೇಷ್ಟ್ರು ಬೊಟ್ಟಿನ ಪಕ್ಕದಲ್ಲಿ ಬೆರಳಿಟ್ಟರು. ಸಾಹೇಬರಿಗೆ ಆಗ ನೆನಪಾಯಿತು. ಮುಖ ಬಾಡಿತು.

"ಬೇರೆ ಮಾಡಿಕೊಡ್ಲಾ ಮೇಷ್ಟ್ರೇ?"

ಮೇಷ್ಟ್ರು ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಹೊಳೆಯುವ ಬೊಟ್ಟು, ಸುತ್ತ ಬಿಳಿಯ ಚುಕ್ಕಿಗಳು. "ಬೇಡ ಸಾಹೇಬ್ರೇ. ಹೀಗೇ ಚೆಂದ ಇದೆ. ಒಂದು ಬೆರಳು ತಾನೆ, ಬಾಯಲ್ಲಿ ಹೇಳ್ಕೋತೀನಿ," ಎಂದರು.

ಮೊದಮೊದಲು ಹೇಳುತ್ತಲೂ ಇದ್ದರು. ರಜಾ ಬಂದರೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹುಣಸೂರು, ಯಡತೊರೆ, ತಿರುಮಕೂಡಲು ಎಂದು ಹೊರಡುವರು. ಯಾರದೋ ಜಗಲಿ, ಯಾವುದೋ ಛತ್ರ. ಜನ ಸೇರಿದ ಮೇಲೆ ಕಂಬಳಿ ತೆಗೆಯುವರು. "ನೋಡಿ, ನಮ್ಮ ಸೂರ್ಯ ಸುಮಾರು ನಡುವೆ ಇದ್ದಾನೆ," ಎನ್ನುವರು. ಹುಣಸೂರಿನಲ್ಲಿ ಒಬ್ಬ ಮುದುಕಿ ಮುಂದೆ ಬಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಸುಮಾರು ಅಂದ್ರೇನಪ್ಪ? ನಡುವೆ ಅವ್ನೋ, ಇಲ್ವೋ?"

ಜನ ನಕ್ಕರು. ಮೇಷ್ಟ್ರೂ ನಕ್ಕು, "ನಡುವೇನೇ ಇದ್ದಾನೆ ತಾಯಿ," ಎಂದರು. ಮುದುಕಿ ಕೈಮುಗಿದಳು. ಅಂದಿನಿಂದ ಆ 'ಸುಮಾರು' ಬಿಟ್ಟುಹೋಯಿತು. ಕೆಲವು ವರ್ಷಕ್ಕೆ 'ನಡುವೆ' ಎನ್ನುವುದು 'ನಟ್ಟನಡುವೆ' ಆಯಿತು. ಆಮೇಲೆ ಗರ್ಭಗುಡಿಯ ನಂದಾದೀಪದ ಹೋಲಿಕೆ ಸೇರಿಕೊಂಡಿತು. ಆ ಮಾತು ಬಂದಾಗ ತಪ್ಪದೆ ಚಪ್ಪಾಳೆ ಬೀಳುತ್ತಿತ್ತು. ನಾನೂ ಮಿಂಚುತ್ತಿದ್ದೆ. ಮರಕ್ಕೆ ಏನು ಗೊತ್ತು? ಕೊಟ್ಟ ಬೊಟ್ಟನ್ನು ಹೊತ್ತು ನಿಂತಿದ್ದೆ, ಚಪ್ಪಾಳೆ ನನಗೇ ಎಂದುಕೊಂಡಿದ್ದೆ.

ಮನೆಯಲ್ಲಿ ಮೇಷ್ಟ್ರ ಮಗಳು ಭಾಗೀರಥಿ ನನ್ನನ್ನು ನೋಡಿಕೊಳ್ಳುತ್ತಿದ್ದಳು. ತಾಯಿಯಿಲ್ಲದ ಹುಡುಗಿ. ತಂದೆಯ ಪಂಚೆ, ಅಡುಗೆ, ನಾನು, ಮೂವರೂ ಅವಳ ಪಾಲಿಗೆ ಬಂದಿದ್ದೆವು. ಚಿಕ್ಕಂದಿನಲ್ಲಿ ನನ್ನ ಚುಕ್ಕಿಗಳ ಮೇಲೆ ಬೆರಳಾಡಿಸಿ ಎಣಿಕೆ ಕಲಿತಳು. ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಸವರಿ ಹಳೆಯ ಸೀರೆಯ ತುಂಡಿನಿಂದ ಉಜ್ಜುವಳು. ದೊಡ್ಡವಳಾದಂತೆ ಅವಳ ಪುಸ್ತಕಗಳೂ ದೊಡ್ಡವಾದವು. ಒಲೆಯ ಮುಂದೆ ಒಂದು ಕಣ್ಣು ಅನ್ನದ ಮೇಲೆ, ಇನ್ನೊಂದು ಕಣ್ಣು ಪುಸ್ತಕದ ಮೇಲೆ ಇಟ್ಟು ಓದಿ ಅವಳು ಕಾಲೇಜಿಗೂ ಸೇರಿದಳು.

ಮೇಷ್ಟ್ರು ನಿವೃತ್ತರಾದ ವರ್ಷ ಊರಿನ ಸಭೆಯೊಂದು ಅವರಿಗೆ ಶಾಲು ಹೊದಿಸಿ, ಅವರ ಉಪನ್ಯಾಸ ಇಟ್ಟುಕೊಂಡಿತು. ದೊಡ್ಡ ಸಭಾಂಗಣ, ಕುರ್ಚಿಗಳೆಲ್ಲ ತುಂಬಿ ಗೋಡೆಯುದ್ದಕ್ಕೂ ಜನ. ನನ್ನನ್ನು ವೇದಿಕೆಯ ಮೇಲೆ ಪೀಠದಲ್ಲಿ ನಿಲ್ಲಿಸಿ ಹಾರ ಹಾಕಿದ್ದರು. ಮೇಷ್ಟ್ರು ಅಂದು ಬಹಳ ಚೆನ್ನಾಗಿ ಮಾತಾಡಿದರು. ನಂದಾದೀಪದ ಮಾತು ಬಂತು, ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಹೆಸರು ಮರಿಬಸಪ್ಪ. ಮೇಷ್ಟ್ರ ಹಳೆಯ ವಿದ್ಯಾರ್ಥಿ. ಈಗ ನಂಜನಗೂಡಿನ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯ. ಗುರುಗಳ ಸನ್ಮಾನ ನೋಡಲೆಂದು ರೈಲಿನಲ್ಲಿ ಬಂದಿದ್ದರು. ಕೈಕಟ್ಟಿಕೊಂಡೇ ಕೇಳಿದರು:

"ಮೇಷ್ಟ್ರೇ, ತಪ್ಪು ತಿಳೀಬಾರ್ದು. ಈಗ ಹಾಗೆ ಹೇಳೋದಿಲ್ಲವಂತಲ್ಲ? ಸೂರ್ಯ ಎಲ್ಲೋ ಒಂದು ಪಕ್ಕದಲ್ಲಿದ್ದಾನಂತೆ."

ಸಭೆಯೆಲ್ಲ ಮೇಷ್ಟ್ರ ಕಡೆ ತಿರುಗಿತು. ಹೆಗಲ ಮೇಲೆ ಹೊಸ ಶಾಲು, ಮುಂದೆ ಅಷ್ಟು ಜನ. ಅವರು ಮುಗುಳ್ನಕ್ಕರು.

"ಏನೋ ಮರಿ, ನನ್ನ ಕ್ಲಾಸಿನಲ್ಲಿ ಹನ್ನೆರಡು ಎಂಟ್ಲೆ ಎಷ್ಟೋ ಅಂದ್ರೆ ಕಿಟಕಿ ಕಡೆ ನೋಡ್ತಿದ್ದೆ. ಈಗ ಸೂರ್ಯನ್ನೇ ಕಿಟಕಿಯಿಂದ ಆಚೆಗೆ ಹಾಕೋಕೆ ಬಂದಿದ್ದೀಯ. ಕೂತ್ಕೊ."

ಮಾಳಿಗೆ ಹಾರುವ ಹಾಗೆ ಜನ ನಕ್ಕರು. ಮರಿಬಸಪ್ಪ ಕೂತರು. ಅವರ ಕಿವಿ ಕೆಂಪಾದದ್ದು ವೇದಿಕೆಯ ಮೇಲಿದ್ದ ನನಗೂ ಕಂಡಿತು. ಹೆಂಗಸರ ಕಡೆ ಭಾಗೀರಥಿಯೊಬ್ಬಳು ನಗಲಿಲ್ಲ. ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಮೇಷ್ಟ್ರು ಆ ಮಾತನ್ನೇ ಮತ್ತೆ ಹೇಳಿ ನಕ್ಕರು. ಭಾಗೀರಥಿ ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದಳು. ಆ ಕಾಲದ ಎಷ್ಟೋ ಮನೆಗಳಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದೇ ವಾಡಿಕೆ.

"ಅಣ್ಣ, ಮರಿಬಸಪ್ಪ ಹೇಳಿದ್ದೇ ಸರಿ."

ಮೇಷ್ಟ್ರು ಲೋಟ ಕೆಳಗಿಟ್ಟರು. ಅವಳು ತಾನು ಓದಿದ್ದನ್ನು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ಅಮೆರಿಕದ ಒಂದು ವೀಕ್ಷಣಾಲಯದಲ್ಲಿ ಆಕಾಶದ ಚಿತ್ರ ಮೂಡಿದ ಗಾಜುಗಳನ್ನು ನೋಡುವ ಕೆಲಸದಲ್ಲಿ ಒಬ್ಬ ಹೆಂಗಸು ಇದ್ದಳಂತೆ. ಕೆಲವು ನಕ್ಷತ್ರಗಳು ತಪ್ಪದ ತಾಳದಲ್ಲಿ ಬೆಳಗಿ ಮಂಕಾಗುತ್ತವೆ. ತಾಳ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಬೆಳಕು ಹೆಚ್ಚು ಎಂದು ಅವಳು ಕಂಡುಕೊಂಡಳು. ದೀಪದ ನಿಜವಾದ ಬೆಳಕು ಎಷ್ಟೆಂದು ಗೊತ್ತಿದ್ದರೆ, ಕಣ್ಣಿಗೆ ಎಷ್ಟು ಮಂಕಾಗಿ ಕಾಣುತ್ತದೆ ಎನ್ನುವುದರಿಂದ ಅದರ ದೂರ ಹೇಳಬಹುದು. ಆಮೇಲೆ ಇನ್ನೊಬ್ಬರು ಆ ದೀಪಗಳನ್ನು ಅಳತೆಗೋಲು ಮಾಡಿಕೊಂಡು, ಚೆಂಡಿನ ಹಾಗೆ ಒತ್ತೊತ್ತಾಗಿ ಸೇರಿರುವ ನಕ್ಷತ್ರಗಳ ಗೊಂಚಲುಗಳು ಎಲ್ಲೆಲ್ಲಿವೆ ಎಂದು ಅಳೆದರು. ಅವು ನಮ್ಮ ಸುತ್ತ ಸಮನಾಗಿ ಇರಲಿಲ್ಲ. ಹೆಚ್ಚಿನವು ಧನುಸ್ಸು ರಾಶಿಯ ಕಡೆಗೇ ಸೇರಿದ್ದವು.

"ನಮ್ಮ ಮಾಳಿಗೆ ಮೇಲಿಂದ ದಸರಾ ದೀಪ ಎಲ್ಲ ಒಂದೇ ಕಡೆ ಕಾಣುತ್ತಲ್ಲ ಅಣ್ಣ. ಅಂದ್ರೆ ಅರಮನೆ ಅಲ್ಲಿದೆ, ನಾವು ಊರಾಚೆ ಇದ್ದೀವಿ ಅಂತ ತಾನೆ?"

"ಮತ್ತೆ ಎಣಿಸಿದವರಿಗೆ ಎಲ್ಲ ಕಡೆ ಸಮ ಬಂತಲ್ಲ," ಎಂದರು ಮೇಷ್ಟ್ರು. ಅವರ ದನಿ ಆಗಲೇ ಸಣ್ಣದಾಗಿತ್ತು.

"ನಕ್ಷತ್ರಗಳ ಮಧ್ಯೆ ಧೂಳಿದೆಯಂತೆ. ಮೂರು ನಾಲ್ಕು ವರ್ಷದ ಹಿಂದೆ ಖಚಿತ ಆಯ್ತು. ಹಸಿ ಸೌದೆ ಹೊಗೆ ತುಂಬಿದಾಗ ಇಲ್ಲಿ ಕೂತ ನನಗೆ ಸುತ್ತ ಎರಡು ಮೊಳ ಮಾತ್ರ ಕಾಣುತ್ತೆ. ಎಲ್ಲ ಕಡೇಗೂ ಎರಡೇ ಮೊಳ. ಹಾಗಂತ ನಾನು ಮನೆ ನಡುವೆ ಕೂತಿದ್ದೀನಿ ಅಂದ್ರೆ ಆಯ್ತಾ?"

ಮೇಷ್ಟ್ರು ನನ್ನ ಕಡೆ ನೋಡಿದರು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ನಿನಗೆ ಯಾವಾಗಿಂದ ಗೊತ್ತು?"

"ದೀಪಾವಳಿಯಿಂದ."

"ಗೊತ್ತಿದ್ದೂ ನನ್ನನ್ನ ವೇದಿಕೆ ಹತ್ತಿಸಿದೆ."

"ನೀವು ಶಾಲು ಹೊದ್ದುಕೊಳ್ಳೋದು ನೋಡಬೇಕು ಅನ್ನಿಸ್ತು ಅಣ್ಣ," ಎಂದಳು ಭಾಗೀರಥಿ. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಮೇಷ್ಟ್ರು ಅವಳನ್ನು ಬೈಯಲಿಲ್ಲ. ತಿಳಿವಳಿಕೆ ಬದಲಾಯಿತು ಎಂದು ತನಗೆ ನಾಚಿಕೆಯಿಲ್ಲ ಎಂದರು. ಪುಸ್ತಕದವರು ಸುಮಾರು ಎಂದು ಬರೆದಿದ್ದರು. ಅದನ್ನು ನುಂಗಿಹಾಕಿದವನು ತಾನು. ಅದಕ್ಕಿಂತ ದೊಡ್ಡ ತಪ್ಪು, ಸರಿಯಾದ ಮಾತು ಕೇಳಿದವನನ್ನು ಊರೆಲ್ಲ ನಗುವ ಹಾಗೆ ಕೂರಿಸಿದ್ದು. ಮಗ್ಗಿ ಬಾರದ ಹುಡುಗ ಎಂದು ಅವನ ಬಾಲ್ಯವನ್ನೇ ಎತ್ತಿ ಆಡಿದ್ದು. ಇದನ್ನೆಲ್ಲ ಅವರು ಮಗಳಿಗೆ ಹೇಳುತ್ತಿದ್ದರೋ ನನಗೆ ಹೇಳುತ್ತಿದ್ದರೋ ತಿಳಿಯಲಿಲ್ಲ. ಹಿತ್ತಾಳೆಯ ಬೊಟ್ಟು ನನ್ನ ಮೈಮೇಲೆ ಕೆಂಡದ ಹಾಗೆ ಇತ್ತು.

ಅವರು ಮೊದಲು ಮಾಡಿದ್ದು ಸಭೆಯ ಕಾರ್ಯದರ್ಶಿಯ ಬಳಿ ಹೋದದ್ದು. ಅದೇ ಸಭಾಂಗಣದಲ್ಲಿ ಅದೇ ಜನರ ಮುಂದೆ ಒಂದು ಗಂಟೆ ಮಾತಾಡಲು ಅವಕಾಶ ಕೊಡಿ ಎಂದು ಕೇಳಿದರು. ಮುಂದಿನ ತಿಂಗಳು ಹರಿಕಥೆ ಗೊತ್ತಾಗಿದೆ, ಅದರ ಮುಂದಿನದು ಸಂಗೀತ ಎಂದರು ಕಾರ್ಯದರ್ಶಿ. ಸೂರ್ಯ ಎಲ್ಲಿದ್ದಾನೆಂದು ಯಾರಿಗೂ ನೆನಪಿರಲಿಕ್ಕಿಲ್ಲ, ಆದರೆ ಆ ಕಿಟಕಿಯ ಮಾತು ಮಾತ್ರ ಬಹಳ ಚೆನ್ನಾಗಿತ್ತು ಎಂದು ಬೆನ್ನು ತಟ್ಟಿ ಕಳಿಸಿದರಂತೆ.

ಮನೆಗೆ ಬಂದ ಮೇಷ್ಟ್ರು ನನ್ನನ್ನು ಗೋಡೆಯಿಂದ ಇಳಿಸಿ ಬೋರಲು ಹಾಕಿದರು. ಆಮೇಲೆ ಅವರು ಹೊರಗೆ ಹೋಗುವುದೇ ನಿಂತಿತು. ಸಂಜೆ ಜಗಲಿಗೂ ಬರುತ್ತಿರಲಿಲ್ಲ. ನನ್ನ ಬೆನ್ನು ನುಣ್ಣಗಿತ್ತು. ಭಾಗೀರಥಿ ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಒತ್ತಿದಳು. ಆಕಾಶವನ್ನು ಹೊತ್ತು ಮೆರೆದವನಿಗೆ ಅದು ಅವಮಾನ ಎಂದು ನೀವು ಅಂದುಕೊಳ್ಳಬಹುದು. ನಿಜ ಹೇಳುತ್ತೇನೆ, ನನಗೆ ಅದೇ ಹಿತವಾಗಿತ್ತು. ಮುಖ ನೆಲದ ಕಡೆಗೆ ಇತ್ತು. ಹಪ್ಪಳದಲ್ಲಿ ಸುಳ್ಳು ಹೇಳಲು ಏನೂ ಇರಲಿಲ್ಲ.

ಮಳೆಗಾಲ ಹತ್ತಿರವಾದಾಗ ಒಂದು ದಿನ ಮೇಷ್ಟ್ರು ನನ್ನನ್ನು ಎತ್ತಿಕೊಂಡು ಮಂಡಿ ಮೊಹಲ್ಲಾಕ್ಕೆ ಹೋದರು. ಗಫಾರ್ ಸಾಹೇಬರ ಗಡ್ಡ ಬೆಳ್ಳಗಾಗಿತ್ತು. ಸೂರ್ಯನನ್ನು ಕಿತ್ತುಕೊಡಿ ಎಂದು ಮೇಷ್ಟ್ರು ಕೇಳಿದರು. ತಪ್ಪು ತನ್ನ ಕೈವಾರದ್ದು ಎಂದು ಸಾಹೇಬರು, ಅಲ್ಲ ತನ್ನ ಬಾಯಿಯದು ಎಂದು ಮೇಷ್ಟ್ರು. ಇಬ್ಬರು ಮುದುಕರು ಒಂದು ತಪ್ಪಿಗಾಗಿ ಪಾಲು ಕೇಳುವವರ ಹಾಗೆ ಜಗ್ಗಾಡಿದರು. ಕೊನೆಗೆ ಸಾಹೇಬರು ಬೊಟ್ಟಿನ ಅಂಚಿಗೆ ಸಣ್ಣ ಉಳಿ ಇಟ್ಟು ಮೀಟಿದರು. ಚಿಟ್ ಎಂದು ನನ್ನ ಮೈಯಲ್ಲಿ ಒಂದು ಬಿರುಕು ಓಡಿತು. ಎರಡು ನಕ್ಷತ್ರ ಉದುರಿದವು.

"ಬಿಡಿ ಸಾಹೇಬ್ರೇ," ಎಂದರು ಮೇಷ್ಟ್ರು. "ಬೊಟ್ಟು ಕಿತ್ತರೆ ಹೋಗೋ ತಪ್ಪಲ್ಲ ಇದು."

ಮುಂದಿನ ವಾರ ಶಾಲೆಗಳು ತೆರೆದಿದ್ದವು. ತಂದೆ, ಮಗಳು, ನಾನು ನಂಜನಗೂಡಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಮೇಷ್ಟ್ರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಅಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದರು ಎಂದು ನನಗೆ ಅನ್ನಿಸಿತು.

ಗುರುಗಳು ಕ್ಲಾಸಿನ ಬಾಗಿಲಲ್ಲಿ ನಿಂತದ್ದನ್ನು ಕಂಡು ಮರಿಬಸಪ್ಪ ಗಾಬರಿಯಾಗಿ ಕುರ್ಚಿ ಎಳೆದರು. ಮೇಷ್ಟ್ರು ಕೂರಲಿಲ್ಲ. "ಅವತ್ತು ನಾನು..." ಎಂದು ಶುರುಮಾಡಿದರು.

"ಬಿಸಿಲಲ್ಲಿ ಬಂದಿದ್ದೀರಿ ಮೇಷ್ಟ್ರೇ, ಮಜ್ಜಿಗೆ ತರಿಸ್ತೀನಿ," ಎಂದರು ಮರಿಬಸಪ್ಪ. ಆ ಮಾತು ಮುಂದುವರಿಯುವುದು ಅವರಿಗೆ ಬೇಡವಾಗಿತ್ತು.

ಮೇಷ್ಟ್ರು ನನ್ನನ್ನು ಮೇಜಿನ ಮೇಲಿಟ್ಟರು. ಇಂದು ಮಕ್ಕಳಿಗೆ ಆಕಾಶಗಂಗೆಯ ಪಾಠ ಮಾಡಬೇಕೆಂದು ಕೇಳಿಕೊಂಡು, ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳು ಬಾಯಿ ಮುಚ್ಚಿಕೊಂಡು ಕಿಸಿಕಿಸಿ ಎಂದರು. ಭಾಗೀರಥಿ ಬಾಗಿಲ ಬಳಿ ನಿಂತಳು. ಮರಿಬಸಪ್ಪ ಏನು ಮಾಡಲೂ ತೋಚದೆ ನನ್ನನ್ನು ಎತ್ತಿ ಹಿಡಿದು, "ಇದು ನಮ್ಮ ಮೇಷ್ಟ್ರು ಮಾಡಿಸಿದ ಆಕಾಶಗಂಗೆ. ನಡುವೆ ಇರೋದು ಸೂರ್ಯ," ಎಂದರು. ಅಷ್ಟು ಹೇಳಿ ನಿಂತುಬಿಟ್ಟರು. ಗುರುವಿನ ಎದುರಿಗೆ ಮುಂದಿನದನ್ನು ಹೇಳಲು ಅವರಿಗೆ ನಾಲಿಗೆ ಏಳಲಿಲ್ಲ.

ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಮೇಷ್ಟ್ರು ಎದ್ದು ಕೈಕಟ್ಟಿ ನಿಂತರು.

"ಸಾರ್, ತಪ್ಪು ತಿಳೀಬಾರ್ದು. ಈಗ ಹಾಗೆ ಹೇಳೋದಿಲ್ಲವಂತಲ್ಲ?"

ಬಿಳಿ ತಲೆಯ ಮುದುಕರೊಬ್ಬರು ತಮ್ಮ ಉಪಾಧ್ಯಾಯರನ್ನು ಸಾರ್ ಎಂದದ್ದು ಕೇಳಿ ಮಕ್ಕಳು ಇನ್ನು ತಡೆಯಲಾರದೆ ಹೋ ಎಂದು ನಕ್ಕರು. ಬೆಂಚು ಬಡಿದು ನಕ್ಕರು. ಮೇಷ್ಟ್ರು ನಗು ಮುಗಿಯುವವರೆಗೂ ನಿಂತೇ ಇದ್ದರು, ಕೂರಲಿಲ್ಲ. ಅವರ ಕಿವಿ ಕೆಂಪಾಗಿತ್ತು. ಆ ಕ್ಷಣ ಮರಿಬಸಪ್ಪ ಏನು ಬೇಕಾದರೂ ಹೇಳಬಹುದಿತ್ತು. ಮಗ್ಗಿಯನ್ನೇ ತಿರುಗಿ ಕೇಳಬಹುದಿತ್ತು. ನಾನು ಕಾದೆ.

"ಮೇಷ್ಟ್ರ ಹಲಗೇಲಿ ಇರೋ ನಕ್ಷತ್ರ ಎಲ್ಲಾ ನಿಜ," ಎಂದರು ಮರಿಬಸಪ್ಪ, ಮಕ್ಕಳಿಗೆ. "ಇದು ನಮ್ಮ ಸೂರ್ಯನ ನೆರೆಹೊರೆ. ಊರು ಇದಕ್ಕಿಂತ ದೊಡ್ಡದು. ಹಲಗೆ ಸಾಲಲಿಲ್ಲ ಅಷ್ಟೆ. ಬನ್ನಿ, ಹೊರಗೆ ಹೋಗೋಣ."

ಅಂಗಳದಲ್ಲಿ ನನ್ನನ್ನು ನೆಲದ ಮೇಲೆ ಇಟ್ಟರು. ನನ್ನಷ್ಟೇ ಅಗಲದ ನಾಲ್ಕು ಹಲಗೆಗಳ ದೂರ ಅಳೆದು, ಅಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿದರು. ಅವಳು ಆಕಾಶಗಂಗೆಯ ನಿಜವಾದ ನಡು. ಅವಳ ಕೈಗೆ ಹಗ್ಗ ಕೊಟ್ಟು, ಅದರ ಇನ್ನೊಂದು ತುದಿ ಹಿಡಿದು ಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಎಳೆದರು. ಅಂಗಳ ಹೆಚ್ಚುಕಡಿಮೆ ಅದರಲ್ಲೇ ತುಂಬಿಹೋಯಿತು. ನಾನು ಒಂದು ಬದಿಗೆ, ಅಂಚಿಗೂ ನಡುವಿಗೂ ಮಧ್ಯೆ ಎಲ್ಲೋ ಬಿದ್ದಿದ್ದೆ. ಮಕ್ಕಳು ನನ್ನನ್ನು ಎತ್ತಿಕೊಂಡು ಆ ಹುಡುಗಿಯ ಸುತ್ತ ಒಂದು ಸುತ್ತು ಬಂದರು. ಸೂರ್ಯನಿಗೆ ಹಾಗೆ ಒಂದು ಸುತ್ತು ಬರಲು ಇಪ್ಪತ್ತು ಕೋಟಿ ವರ್ಷದ ಮೇಲೆ ಬೇಕು ಎಂದಾಗ ಯಾರೋ, "ಅಷ್ಟರಲ್ಲಿ ಬೆಲ್ ಹೊಡೀತಾರೆ ಸಾರ್," ಎಂದರು.

ಮೇಷ್ಟ್ರು ನಡುವಿನ ಹುಡುಗಿಯ ಪಕ್ಕಕ್ಕೆ ನಡೆದುಹೋಗಿ ನಿಂತರು. ಅಲ್ಲಿಂದ ನನ್ನ ಕಡೆ ನೋಡಿದರು. ಅಷ್ಟು ದೂರದಿಂದ ಬೊಟ್ಟು ಅವರಿಗೆ ಕಂಡಿರಲಾರದು.

ಹೊರಡುವ ಹೊತ್ತಿಗೆ ನನ್ನನ್ನು ಶಾಲೆಗೇ ಬಿಟ್ಟರು. ಜಗಲಿಯಲ್ಲಿ ಮೆಟ್ಟು ಹಾಕಿಕೊಳ್ಳುತ್ತ ಅವರು ಮಗಳಿಗೆ ಹೇಳಿದ್ದು, ಗೋಡೆಗೆ ಒರಗಿದ್ದ ನನಗೂ ಕೇಳಿಸಿತು.

"ಅವನು ನನ್ನ ಮರ್ಯಾದೆ ಉಳಿಸಿದ ಭಾಗೀ. ನಾನು ಅವನದನ್ನ ಉಳಿಸಿರಲಿಲ್ಲ."

ಅವರು ಹೊತ್ತು ಬಂದ ಭಾರ ಇಳಿದಿರಲಿಲ್ಲ. ಅದನ್ನು ಇನ್ನೊಂದಿಷ್ಟು ಹೆಚ್ಚಿಸಿಕೊಂಡೇ ಹೋದರು ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಅವರು ಬರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೀರಿಕೊಂಡರು ಎಂದು ಭಾಗೀರಥಿ ಬಂದು ಹೇಳಿದಳು. ಅವಳು ಮದುವೆಯಾದ ಮೇಲೂ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೂ ಆಗಾಗ ಬಂದು ನನಗೆ ಎಣ್ಣೆ ಸವರಿ ಹೋಗುತ್ತಿದ್ದಳು. ಎರಡನೆಯ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಹೊಸ ಸುದ್ದಿ ತಂದಳು. ಧೂಳಿನೊಳಗಿಂದಲೂ ದಾಟಿ ಬರುವ ರೇಡಿಯೋ ಅಲೆಗಳಿವೆಯಂತೆ. ನಕ್ಷತ್ರಗಳ ನಡುವಿನ ಜಲಜನಕ ಅನಿಲ ಅವನ್ನು ಹೊರಡಿಸುತ್ತದೆ. ದೊಡ್ಡ ಕಬ್ಬಿಣದ ಬಟ್ಟಲುಗಳಲ್ಲಿ ಅವನ್ನು ಹಿಡಿದು ನೋಡಿದಾಗ ನಮ್ಮ ಆಕಾಶಗಂಗೆಗೆ ಸುರುಳಿ ಸುರುಳಿಯಾದ ತೋಳುಗಳಿರುವುದು ಕಂಡಿತು. ಮರಿಬಸಪ್ಪ ಅದನ್ನು ಕೇಳಿ, ಮರುದಿನವೇ ಅಂಗಳದ ವೃತ್ತದೊಳಗೆ ಸುಣ್ಣದ ತೋಳುಗಳನ್ನು ಎಳೆದರು.

ಅವರೂ ಹೋಗಿ ಬಹಳ ಕಾಲವಾಯಿತು. ಅಂಗಳದಲ್ಲಿ ಈಗ ಕಟ್ಟಡ ಬಂದಿದೆ. ನಾನು ಉಪಾಧ್ಯಾಯರ ಕೋಣೆಯಲ್ಲಿ ಬೀರುವಿನ ಹಿಂದೆ ಇದ್ದೇನೆ. ಬಿರುಕು ಅಗಲವಾಗಿದೆ, ಚುಕ್ಕಿಗಳು ಹಳದಿಯಾಗಿವೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವಾಗ ನನ್ನನ್ನು ಹೊರಗೆಳೆಯುತ್ತಾರೆ. ಯಾವುದಾದರೂ ಮಗು ಬಂದು ಹಿತ್ತಾಳೆಯನ್ನು ಉಗುರಿನಿಂದ ಕೆರೆದು, ಇದು ಸೂರ್ಯನಾ, ನಡುವೆ ಯಾಕಿದೆ ಎಂದು ಕೇಳುತ್ತದೆ. ಆಗೆಲ್ಲ ನನಗೆ ಮುಖ ತಿರುಗಿಸಿಕೊಳ್ಳಬೇಕು ಅನ್ನಿಸುತ್ತದೆ. ಮೈಸೂರಿನ ಸಭಾಂಗಣದಲ್ಲಿ ಅಂದು ನಕ್ಕವರು ಹಾಗೆಯೇ ನಗುತ್ತ ಮನೆಗೆ ಹೋದರು. ಅವರಿಗೆ ಯಾರೂ ತಿದ್ದಿ ಹೇಳಲಿಲ್ಲ. ಅವರು ಮನೆಯಲ್ಲಿ ತಮ್ಮ ಮಕ್ಕಳಿಗೆ ಏನು ಹೇಳಿದರೋ.

ಆಕಾಶಗಂಗೆಯ ಆಚೆಗೆ ಹೋಗಿ ನಿಂತು, ಅದರ ಪೂರ್ತಿ ಚಿತ್ರ ತೆಗೆದು ತಂದವರು ಇಂದಿಗೂ ಯಾರೂ ಇಲ್ಲ. ತಿಳಿದಷ್ಟನ್ನೂ ಒಳಗೆ, ಒಂದು ಮೂಲೆಯಲ್ಲಿ, ಧೂಳಿನ ನಡುವೆ ಕೂತೇ ತಿಳಿದದ್ದು. ಮಡಿಲಲ್ಲಿ ಮಲಗಿದ ಕೂಸು ಕೈಯಾಡಿಸಿ ಆಡಿಸಿ ತಾಯಿಯ ಮೈಯ ಅಂದಾಜು ಹಿಡಿಯುವ ಹಾಗೆ. ಅದರಲ್ಲಿ ಇನ್ನೂ ಎಷ್ಟು ತಪ್ಪಿದೆಯೋ ನನಗೆ ಗೊತ್ತಿಲ್ಲ. ಎಲ್ಲೋ ಒಂದು ತರಗತಿಯಲ್ಲಿ, ಮಗ್ಗಿ ಸರಿಯಾಗಿ ಬಾರದ ಯಾವುದೋ ಮಗು ಎದ್ದು ನಿಂತು ಅದನ್ನು ಕೇಳಿಯೇ ಕೇಳುತ್ತದೆ. ಕೇಳಿದಾಗ ಯಾರೂ ನಗದಿರಲಿ.